ಬೂಷ್ಟು ಬಲ್ಲ ಮೂಗು

ದಾಕ್ಷಾಯಣಿ ಕಮ್ಮಾರ ಊರೊಳಗೆ ಬಂದಳೆಂದರೆ ಹಿರೇಕೊಡಗಲಿಯ ಜನ ಮಾತು ನಿಲ್ಲಿಸುತ್ತಿದ್ದರು. ಯಾರೂ ಬೈಯುತ್ತಿರಲಿಲ್ಲ, ಅಡ್ಡ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತವರು ಒಬ್ಬೊಬ್ಬರಾಗಿ ಎದ್ದು ಧೋತರ ಕೊಡವಿಕೊಂಡು ಮನೆಯ ಕಡೆ ಹೋಗುತ್ತಿದ್ದರು, ಅಷ್ಟೇ. ಚಹಾದಂಗಡಿಯವನು ಅವಳು ಕೇಳುವ ಮೊದಲೇ ಒಂದು ಲೋಟ ತಂದಿಟ್ಟು, ಅವಳು ಕುಡಿದು ಹೋಗುವ ತನಕ ಒಲೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಆ ಚಹಾದಲ್ಲಿ ಅವನು ಶುಂಠಿ ಹಾಕಿದ್ದಾನೋ ಏಲಕ್ಕಿ ಹಾಕಿದ್ದಾನೋ ಅವಳಿಗೆ ತಿಳಿಯುತ್ತಿರಲಿಲ್ಲ. ಬಿಸಿ ಇದೆ, ಸಿಹಿ ಇದೆ ಎಂಬುದಷ್ಟೇ ನಾಲಿಗೆಗೆ ಗೊತ್ತಾಗುತ್ತಿತ್ತು.

ಜನ ಹೆದರುತ್ತಿದ್ದುದು ಅವಳಿಗಲ್ಲ, ಅವಳ ಎಡಮೂಗಿನೊಳಗೆ ಕೂತಿದ್ದ ಸಾಧನಕ್ಕೆ. ರಾಣೆಬೆನ್ನೂರಿನ ಧಾನ್ಯ ರಕ್ಷಣಾ ಕೇಂದ್ರದವರು ಅದಕ್ಕೆ ಉದ್ದನೆಯ ಹೆಸರೊಂದನ್ನು ಕೊಟ್ಟಿದ್ದರು. ಜನ ಅದನ್ನು ಮೂಗುಬೊಟ್ಟು ಎಂದು ಕರೆದರು, ಆ ಹೆಸರೇ ನಿಂತಿತು.

ಅದು ಹುಟ್ಟಿದ್ದು ಕಾಮಾಲೆಯ ವರ್ಷದ ನಂತರ. ಆ ವರ್ಷ ಮೆಕ್ಕೆಜೋಳದ, ಆ ಕಡೆಯವರ ಬಾಯಲ್ಲಿ ಗ್ವಾಂಜಾಳದ, ತೆನೆ ಹಾಲುಗಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತ್ತು, ಕೊಯ್ಲಿನ ಹೊತ್ತಿಗೆ ಬಿಡದೆ ಹೊಡೆದಿತ್ತು. ಮಣ್ಣಿನಲ್ಲಿ ಸದಾ ಇರುವ ಒಂದು ಹಸಿರು-ಹಳದಿ ಬೂಷ್ಟು ಬಿಸಿಗಾಳಿಯ ಜೊತೆ ಎದ್ದು ತೆನೆಯ ತುದಿಯ ರೇಷ್ಮೆಯಂಥ ಎಳೆಗಳ ಮೇಲೆ ಕೂತಿತು. ಆ ಎಳೆಗಳನ್ನೇ ಹಿಡಿದು ಒಳಗಿಳಿಯಿತು, ಹುಳು ಕೊರೆದ ತೂತುಗಳಲ್ಲಿ ನುಸುಳಿತು. ನೀರಿಲ್ಲದೆ ಸೊರಗಿದ ಗಿಡಕ್ಕೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಕಾಳಿನೊಳಗೆ ಮನೆ ಮಾಡಿದ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷ ಹೆಣೆಯತೊಡಗಿತು. ಹೊರಗಿನಿಂದ ನೋಡಿದರೆ ಕಾಳು ಬಂಗಾರದ ಹಾಗಿತ್ತು. ಬೇಯಿಸಿದರೂ ಹುರಿದರೂ ಹೋಗದ ವಿಷ ಅದು. ಮೊದಲು ಊರ ನಾಯಿಗಳು ಸತ್ತವು. ಆಮೇಲೆ ಮನುಷ್ಯರ ಕಣ್ಣುಗಳು ಹಳದಿಯಾದವು. ದಾಕ್ಷಾಯಣಿ ಆಗ ಅಂಗನವಾಡಿಯ ಕಾರ್ಯಕರ್ತೆ. ಅವಳ ಚಾಪೆಯ ಮೇಲೆ ಕೂತು ಉಣ್ಣುತ್ತಿದ್ದ ಕೂಸುಗಳಲ್ಲಿ ಕೆಲವು ಮತ್ತೆ ಬರಲಿಲ್ಲ.

ವಿಷವನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಕಷ್ಟವಲ್ಲ. ಎಲ್ಲಿ ಅಳೆಯಬೇಕೆಂಬುದೇ ಕಷ್ಟ. ಒಂದು ಎಕರೆಯಲ್ಲಿ ಹತ್ತಾರು ತೆನೆಗಳಿಗೆ ಮಾತ್ರ ಬೂಷ್ಟು ಹಿಡಿದಿರುತ್ತದೆ. ಚೀಲದಿಂದ ಒಂದು ಹಿಡಿ ತೆಗೆದು ಪುಡಿ ಮಾಡಿ ನೋಡಿದರೆ ಆ ಹಿಡಿ ಶುದ್ಧವಾಗಿರಬಹುದು, ಚೀಲ ವಿಷವಾಗಿರಬಹುದು. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಸುಲೋಚನಾ ನಾಡಿಗೇರ ಹಿಡಿದದ್ದು ಬೇರೆ ದಾರಿ. ವಿಷಕ್ಕೆ ವಾಸನೆಯಿಲ್ಲ. ಆದರೆ ಬೂಷ್ಟು ವಿಷ ಹೆಣೆಯಲು ಶುರುಮಾಡಿದಾಗ ಕೆಲವು ಅನಿಲಗಳನ್ನು ಬಿಡುತ್ತದೆ. ಮನುಷ್ಯನ ಮೂಗಿಗೆ ಅವು ಹತ್ತುವುದಿಲ್ಲ, ಯಂತ್ರಕ್ಕೆ ಹತ್ತುತ್ತವೆ. ಆದರೆ ಸುಳಿಯುವ ಗಾಳಿಯಲ್ಲಿ ವಾಸನೆಯ ಜಾಡು ಹಿಡಿದು ಹೋಗುವುದು ಯಂತ್ರಕ್ಕೆ ಬಾರದು, ಮನುಷ್ಯನಿಗೆ ಬರುತ್ತದೆ. ಹಾಗಾಗಿ ಆಕೆ ಎರಡನ್ನೂ ಬೆಸೆದರು. ಗುಲಗಂಜಿಗಿಂತ ಚಿಕ್ಕ ಸಾಧನ ಮೂಗಿನೊಳಗೆ ಕೂತು, ಆ ಅನಿಲ ಸೋಕಿದೊಡನೆ ವಾಸನೆಯ ನರಕ್ಕೆ ಸಣ್ಣ ಮಿಡಿತ ಕಳಿಸುತ್ತಿತ್ತು. ಹೊಸ ಮಿಡಿತಕ್ಕೆ ಮೆದುಳು ತನ್ನ ಹಳೆಯ ನೆನಪುಗಳಿಂದ ಯಾವುದೋ ಒಂದು ವಾಸನೆಯನ್ನು ತಂದು ಜೋಡಿಸುತ್ತಿತ್ತು. ದಾಕ್ಷಾಯಣಿಗೆ ಅದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮರೆತ ಸೇವಂತಿಗೆಯ ವಾಸನೆಯಾಗಿ ಬಂತು.

ಮೊದಲ ಎರಡು ಸುಗ್ಗಿಗಳಲ್ಲಿ ಅವಳಿಗೆ ದಣಿವೇ ಗೊತ್ತಾಗಲಿಲ್ಲ. ಗಾಳಿಗೆ ಮುಖವೊಡ್ಡಿ ಸಾಲುಗಳ ನಡುವೆ ನಡೆದು ಕೆಟ್ಟ ತೆನೆಯ ಮುಂದೆ ಹೋಗಿ ನಿಲ್ಲುತ್ತಿದ್ದಳು. ಅವಳು ಕೆಂಪು ಬಟ್ಟೆ ಕಟ್ಟಿದ ಹೊಲದ ಬೆಳೆ ಊಟಕ್ಕೆ ಹೋಗದೆ ಸ್ಪಿರಿಟ್ ಕಾರ್ಖಾನೆಗೆ ಹೋಗುತ್ತಿತ್ತು. ಯಾವ ಕೂಸಿನ ಕಣ್ಣೂ ಹಳದಿಯಾಗಲಿಲ್ಲ.

ಮೂರನೆಯ ಸುಗ್ಗಿಯಿಂದ ಉಳಿದ ವಾಸನೆಗಳು ಒಂದೊಂದಾಗಿ ಹೋಗತೊಡಗಿದವು. ಬೆಳ್ಳುಳ್ಳಿ ಒಗ್ಗರಣೆ ಮೊದಲು ಹೋಯಿತು. ಆಮೇಲೆ ಸಾಬೂನು, ಮಳೆ ಬಿದ್ದ ನೆಲ, ಹೊಸ ಸೀರೆ. ಒಂದೇ ಮಿಡಿತಕ್ಕೆ ಒಗ್ಗಿಹೋದ ನರ ಬೇರೆಯದನ್ನು ಬಿಟ್ಟುಕೊಡುತ್ತಿದೆ ಎಂದು ಕೇಂದ್ರದವರು ಹೇಳಿದರು. ಮೂಗುಬೊಟ್ಟು ಹಾಕಿಸಿಕೊಂಡಿದ್ದ ಉಳಿದವರೆಲ್ಲ ಹೆದರಿ ತೆಗೆಸಿಕೊಂಡರು. ತೆಗೆಸಿಕೊಂಡವರಿಗೆ ನಿಧಾನವಾಗಿ ವಾಸನೆಗಳು ಮರಳಿದವು. ಮೊದಮೊದಲು ಅವರು ಫೋನು ಮಾಡಿ ಅವಳನ್ನು ಕೇಳುತ್ತಿದ್ದರು, ನೀನಿನ್ನೂ ಯಾಕ ಇಟ್ಕೊಂಡೀ ಎಂದು. ಆಮೇಲೆ ಆ ಫೋನುಗಳೂ ನಿಂತವು. ಜಿಲ್ಲೆಯಲ್ಲಿ ಉಳಿದವಳು ಅವಳೊಬ್ಬಳೇ.

ಅವಳ ಗಂಡ ಮೌನೇಶನಿಗೆ ಪೇಟೆಯ ಹೊರಗೆ ವೆಲ್ಡಿಂಗ್ ಅಂಗಡಿ ಇತ್ತು. ತೆನೆಯಿಂದ ಕಾಳು ಬಿಡಿಸುವ ರಾಶಿ ಮಷೀನುಗಳನ್ನು ಅವನು ಕಟ್ಟುತ್ತಿದ್ದ. ಮಕ್ಕಳಿರಲಿಲ್ಲ. ಒಂದು ಸಂಜೆ ಅವನು ಮನೆಗೆ ಬಂದಾಗ ಒಲೆ ಆರಿ ಗ್ಯಾಸು ಮನೆ ತುಂಬಿತ್ತು. ದಾಕ್ಷಾಯಣಿ ಅಲ್ಲೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅವನು ಏನೂ ಅನ್ನದೆ ಕಿಟಕಿಗಳನ್ನು ತೆರೆದ. ಮರುದಿನದಿಂದ ಅಡಿಗೆ ಅವನೇ ಮಾಡಿದ. ಆ ಸಂಜೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಾತು ಕಡಿಮೆಯಾಗುತ್ತ ಹೋಗಿ, ಊಟದ ಹೊತ್ತಿಗೆ ಬೇಕಾದಷ್ಟು ಮಾತ್ರ ಉಳಿಯಿತು. ಕಬ್ಬಿಣ, ಕೊಬ್ಬರಿ ಎಣ್ಣೆ, ಬೀಡಿ ಕೂಡಿದ ಅವನ ಮೈಯ ವಾಸನೆ ಯಾವಾಗ ಹೋಯಿತೆಂದು ಅವಳಿಗೆ ನೆನಪಿಲ್ಲ. ಅದು ಇಲ್ಲವೆಂದು ತಿಳಿದದ್ದು ಮಾತ್ರ ನೆನಪಿತ್ತು. ಅವನು ಹಿಂದೆ ಬಂದು ನಿಂತಿದ್ದ, ಅವಳು ಬೆಚ್ಚಿಬಿದ್ದಿದ್ದಳು. ಮೊದಲಾದರೆ ಬಾಗಿಲಲ್ಲಿರುವಾಗಲೇ ಗೊತ್ತಾಗುತ್ತಿತ್ತು.

ಈ ವರ್ಷ ಕೇಂದ್ರದವರು ಹೊಸ ಉಪಾಯ ಮಾಡಿದ್ದರು. ವಿಷ ಹೆಣೆಯಲು ಬಾರದ ಸಾಧು ಬೂಷ್ಟನ್ನು ಜೋಳದ ನುಚ್ಚಿಗೆ ಹಚ್ಚಿ ಹೊಲಗಳಲ್ಲಿ ಚೆಲ್ಲಿದ್ದರು. ಅದು ನೆಲವನ್ನು ಮೊದಲೇ ಹಿಡಿದುಕೊಂಡು ಕೆಟ್ಟದ್ದಕ್ಕೆ ಜಾಗ ಕೊಡುತ್ತಿರಲಿಲ್ಲ. ಹೊಲಕ್ಕೊಂದರಂತೆ ನೆಟ್ಟ ಕಂಬಗಳು ಗಾಳಿಯನ್ನು ಅಳೆದು ಕೇಂದ್ರದ ಗೋಡೆಯ ನಕ್ಷೆಗೆ ಹಸಿರು ಚುಕ್ಕೆ ಕಳಿಸುತ್ತಿದ್ದವು. ಇಡೀ ತಾಲ್ಲೂಕು ಹಸಿರಾಗಿತ್ತು. ದಾಕ್ಷಾಯಣಿಯನ್ನು ಹೊಲಗಳಿಗೆ ಕಳಿಸುವುದನ್ನು ಇನ್ನೂ ನಿಲ್ಲಿಸಿರಲಿಲ್ಲ, ಅಷ್ಟೇ.

ಹಿರೇಕೊಡಗಲಿಯಲ್ಲಿ ಹೊನ್ನವ್ವ ಎಂಬವಳ ಹೊಲದ ಬದುವಿಗೆ ಬಂದಾಗ ಅವಳು ನಿಂತುಬಿಟ್ಟಳು. ಅರ್ಧ ಹೊಲದ ತೆನೆ ಮುರಿದು, ಬದುವಿನಲ್ಲಿ ನಿಂತ ರಾಶಿ ಮಷೀನಿನ ಪಕ್ಕ ಒಟ್ಟಿದ್ದರು. ಕಂಬದ ದೀಪ ಹಸಿರಿತ್ತು. ಆದರೂ ಬಾಡಿದ ಸೇವಂತಿಗೆ ಬಂತು, ಮೂಗು ತುಂಬ ಬಂತು.

ಹೊನ್ನವ್ವ ಸೆರಗು ಬಿಗಿದುಕೊಂಡು ಹತ್ತಿರ ಬಂದಳು. “ಯಾಕ ನಿಂತಿ, ಯವ್ವಾ? ಕಂಬ ಹಸರು ತೋರಸಾಕತ್ತೈತಿ.”

“ನೋಡೀನಿ, ಹೊನ್ನಕ್ಕ.”

“ಮತ್ತ?”

“ವಾಸನಿ ಬರಾಕತ್ತೈತಿ.”

“ಗ್ವಾಂಜಾಳ ಅಂಗನವಾಡಿ ಹಿಟ್ಟಿಗೆ ಹೊಂಟೈತಿ. ಹಾಳು ಮಾಡಬ್ಯಾಡ ತಂಗಿ. ಎಲ್ಲಿಂದ ಬರತೈತಿ, ಆ ತೆನಿ ತೋರಸು. ನಾನ ಕಿತ್ತು ಕೊಡತೇನಿ.”

ದಾಕ್ಷಾಯಣಿ ಸಾಲು ಸಾಲು ತಿರುಗಿದಳು. ಗಿಡಗಳ ಒಳಗೆ ಹೋದಷ್ಟೂ ವಾಸನೆ ತೆಳುವಾಯಿತು. ಬದುವಿಗೆ ಬಂದರೆ ಮತ್ತೆ ದಟ್ಟವಾಯಿತು. ಯಾವ ತೆನೆಯ ಮುಂದೆಯೂ ಅದು ಅವಳನ್ನು ನಿಲ್ಲಿಸಲಿಲ್ಲ. ಇಂಥದು ಎಂದೂ ಆಗಿರಲಿಲ್ಲ. ಹೊನ್ನವ್ವ ಮುಖ ನೋಡುತ್ತಲೇ ನಿಂತಿದ್ದಳು. ತೋರಿಸಲು ಏನೂ ಇಲ್ಲದೆ, ಕೆಂಪು ಬಟ್ಟೆಯನ್ನು ಚೀಲದಿಂದ ತೆಗೆಯದೆ ದಾಕ್ಷಾಯಣಿ ಬಸ್ಸು ಹತ್ತಿದಳು.

ಕೇಂದ್ರದಲ್ಲಿ ನಾಡಿಗೇರ ಮೇಡಂ ಅವಳ ಮಾತನ್ನು ತಳ್ಳಿಹಾಕಲಿಲ್ಲ. ಆ ಹೊಲದಿಂದ, ಸುತ್ತಲಿನ ಹೊಲಗಳಿಂದ ತೆನೆ ತರಿಸಿ ಪರೀಕ್ಷೆ ಮಾಡಿಸಿದರು. ನಾಲ್ಕು ದಿನದ ನಂತರ ಅವಳನ್ನು ನಕ್ಷೆಯ ಕೋಣೆಗೆ ಕರೆಸಿಕೊಂಡು ಎದುರಿಗೆ ಕೂಡಿಸಿಕೊಂಡರು.

“ದಾಕ್ಷಾಯಣಿ, ಏನೂ ಇಲ್ಲ. ಎರಡು ಸಲ ನೋಡೇವಿ.”

“ಮತ್ತ ನನಗ ಬಂದದ್ದು?”

ಮೇಡಂ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ಕೈ ಕಳಕೊಂಡವರಿಗೆ ಇಲ್ಲದ ಬೆರಳು ನೋಯತದ, ಕೇಳೀರಿ? ಮೂಗಿಗೂ ಹಂಗ ಆಗತದ. ಬ್ಯಾರೆ ವಾಸನಿ ಬರೋದು ನಿಂತರ ಮೆದುಳು ಖಾಲಿ ಕೂಡೂದಿಲ್ಲ. ತನಗ ಗೊತ್ತಿದ್ದ ಒಂದನ್ನ ತಾನೇ ಹುಟ್ಟಸಕೋತದ.”

“ಅಂದ್ರ ಅದು ಸುಳ್ಳು ವಾಸನೀನ್ರಿ?”

“ನಿಮಗ ಖರೇನ ಬರತದ. ಆದರ ಹೊರಗ ಇರೂದಿಲ್ಲ.” ಆಕೆ ಅವಳ ಕೈಯ ಮೇಲೆ ಕೈ ಇಟ್ಟರು. “ಭಾಳ ವರ್ಷ ಹೊತ್ತೀರಿ. ಈಗ ಕಂಬ ಬಂದಾವ. ತಗಸ್ಕೊಂಡು ಬಿಡ್ರಿ. ಈಗ ತಗದರ ನರ ಉಳೀಲಿಕ್ಕೂ ಸಾಕು.”

ದಾಕ್ಷಾಯಣಿ ಒಪ್ಪಲಿಲ್ಲ, ಇಲ್ಲವೆನ್ನಲೂ ಇಲ್ಲ. ಸುಗ್ಗಿಗೆಂದು ಊರೂರು ತಿರುಗಿ ಬಹಳ ದಿನಗಳ ಮೇಲೆ ಮನೆಗೆ ಬಂದಳು. ಬಾಗಿಲು ದಾಟುತ್ತಿದ್ದ ಹಾಗೆ ಸೇವಂತಿಗೆ ಅಲ್ಲೂ ಬಂತು. ಮನೆಯಲ್ಲಿ ಮೆಕ್ಕೆಜೋಳದ ಒಂದು ಕಾಳೂ ಇರಲಿಲ್ಲ. ಅಡಿಗೆಮನೆಯಲ್ಲಿ ತೆಳುವಾಗಿ, ಮಲಗುವ ಕೋಣೆಯಲ್ಲಿ ದಟ್ಟವಾಗಿ ಇತ್ತು. ಮೌನೇಶ ತಾಟಿಗೆ ರೊಟ್ಟಿ ಹಾಕಲು ಬಗ್ಗಿದಾಗ ಅವನಿಂದಲೂ ಬಂತು. ಅವಳು ತಾಟನ್ನು ದೂಡಿ ಎದ್ದುಬಿಟ್ಟಳು.

“ಯಾಕ, ಉಪ್ಪು ಹೆಚ್ಚಾಗೇತೇನು?”

“ಇಲ್ರಿ. ಹಸಿವಿಲ್ಲ.”

ಮೇಡಂ ಹೇಳಿದ್ದು ನಿಜ ಎಂದು ಅವಳಿಗೆ ಅನಿಸಿದ್ದು ಆಗ. ಮನೆಯಲ್ಲಿ, ಹಾಸಿಗೆಯಲ್ಲಿ, ಗಂಡನಲ್ಲಿ ಬೂಷ್ಟು ಹೇಗೆ ಬಂದೀತು? ತಲೆಯೇ ಹುಟ್ಟಿಸುತ್ತಿದೆ. ಇಷ್ಟು ವರ್ಷ ಎಲ್ಲವನ್ನೂ ಕೊಟ್ಟು ಉಳಿಸಿಕೊಂಡಿದ್ದ ಒಂದೇ ವಾಸನೆಯೂ ಸುಳ್ಳಾಗಿತ್ತು. ಇನ್ನು ಹಿಂದೆ ಕೆಂಪು ಬಟ್ಟೆ ಕಟ್ಟಿದ ಹೊಲಗಳಲ್ಲಿ ಎಷ್ಟು ನಿಜ, ಎಷ್ಟು ಇಲ್ಲ? ಕೇಳಲು ಅವಳಂಥವರು ಇನ್ನೊಬ್ಬರಿರಲಿಲ್ಲ. ಅವಳು ಮರುದಿನ ಬೆಳಿಗ್ಗೆ ಮೇಡಮ್ಮಿಗೆ ಫೋನು ಮಾಡಿ, ತೆಗೆಸಿಕೊಳ್ಳುತ್ತೇನೆ ಎಂದಳು. ಮನೆಯಲ್ಲೂ ವಾಸನೆ ಬರುತ್ತಿದೆ ಎಂದೂ ಹೇಳಿದಳು.

ಎಲ್ಲ ಕಡೆಯೂ ಒಂದೇ ಸಮ ಬರುತ್ತದೆಯೇ ಎಂದು ಮೇಡಂ ಕೇಳಿದರು, ಇಲ್ಲ, ಕೋಣೆ ಕೋಣೆಗೆ ಹೆಚ್ಚು ಕಡಿಮೆ ಎಂದಳು. ಆಮೇಲೆ ಮೇಡಂ ಹೇಳಿದರು, “ತಗಿಯೂಕಿಂತ ಮೊದಲು ಒಂದು ಪರೀಕ್ಷಾ ಮಾಡೂಣು. ಮನಿಯೊಳಗ ಎಲ್ಲೆಲ್ಲಿ ಜೋರು ಬರತದ, ಆ ಬಟ್ಟಿಬರಿ ಕಟ್ಟಿ ತಗೊಂಡು ಬರ್ರಿ.”

ಕೇಂದ್ರದ ಹಿಂಭಾಗದಲ್ಲಿ ಗಾಜಿನ ಕೋಣೆಯೊಂದಿತ್ತು. ಅದರೊಳಗಿನ ಗಾಳಿಯನ್ನು ಸೋಸಿ ಸೋಸಿ, ಯಾವ ಕಣವೂ ಇಲ್ಲದ ಹಾಗೆ ಮಾಡಿದ್ದರು. ದಾಕ್ಷಾಯಣಿಗೆ ಸ್ನಾನ ಮಾಡಿಸಿ, ಹೊಸ ಬಟ್ಟೆ ಉಡಿಸಿ ಒಳಗೆ ಕೂಡಿಸಿದರು. ವಾಸನೆ ತಲೆಯಲ್ಲಿ ಹುಟ್ಟುತ್ತಿದ್ದರೆ ಅಲ್ಲಿಯೂ ಬರಲೇಬೇಕು.

ಅವಳು ಕಣ್ಣು ಮುಚ್ಚಿ ಕೂತಳು. ಏನೂ ಬರಲಿಲ್ಲ. ಬಹಳ ಹೊತ್ತು ಕೂತಳು. ಗಾಜಿನ ಆಚೆ ಮೇಡಂ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಬಾವಿಯ ತಳದಲ್ಲಿ ಕೂತ ಹಾಗೆ ಅನಿಸಿತು. ಮೂಗುಬೊಟ್ಟು ತೆಗೆಸಿಕೊಂಡ ಮೇಲೆ ನರ ಚಿಗುರದೇ ಹೋದರೆ ಜಗತ್ತು ಹೀಗೇ ಇರುತ್ತದೆ ಎಂದು ಅವಳಿಗೆ ಹೊಳೆಯಿತು.

ಆಮೇಲೆ ಗೋಡೆಯ ಚಿಕ್ಕ ಕಿಂಡಿಯಿಂದ ಅವಳ ಮನೆಯ ಬಟ್ಟೆಗಳು ಒಂದೊಂದಾಗಿ ಬಂದವು. ಅವಳ ಸೀರೆಯಲ್ಲಿ ಏನೂ ಇರಲಿಲ್ಲ. ಕೌದಿಯಲ್ಲಿ ತುಸು ಇತ್ತು. ದಿಂಬಿನ ಚೀಲದಲ್ಲಿ ಇತ್ತು. ಕೊನೆಗೆ ಖಾಕಿ ಅಂಗಿ ಬಂತು. ಕಿಂಡಿ ತೆರೆಯುತ್ತಿದ್ದಂತೆಯೇ ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಮೇಡಂ ಆ ಅಂಗಿಗೆ ಅಂಟುಪಟ್ಟಿ ಒತ್ತಿ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಕೋಣೆಯ ಬಾಗಿಲು ತಾವೇ ತೆರೆದು ಒಳಗೆ ಬಂದರು.

“ನಿಮ್ಮ ಮೂಗು ಸರಿ ಅದ. ನಾನು ತಪ್ಪು ತಿಳಕೊಂಡಿದ್ದೆ. ಇದು ಯಾರ ಅಂಗಿ?”

“ನಮ್ಮ ಮನಿಯವರದು.”

“ಅವರು ಏನು ಕೆಲಸ ಮಾಡತಾರ?”

“ರಾಶಿ ಮಷೀನ ಕಟ್ಟತಾರ್ರಿ. ರಿಪೇರಿ ಮಾಡತಾರ.” ಹೇಳುತ್ತಿದ್ದ ಹಾಗೇ ಅವಳಿಗೆ ನೆನಪಾಯಿತು. ಹೊನ್ನವ್ವನ ಹೊಲದ ಬದುವಿನಲ್ಲಿ, ತೆನೆಯ ರಾಶಿಯ ಪಕ್ಕ, ನಿಂತಿದ್ದ ಮಷೀನಿನ ಬಣ್ಣ ನೀಲಿ. ಆ ನೀಲಿ ಬಣ್ಣ ಮೌನೇಶನ ಅಂಗಡಿಯದು.

ಅವಳು ಅಂಗಡಿಗೆ ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಮೌನೇಶ ಮಷೀನೊಂದರ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದ. ಕೆಮ್ಮುತ್ತಿದ್ದ. ಆ ಕೆಮ್ಮು ದೀಪಾವಳಿಯ ಮೊದಲೇ ಶುರುವಾಗಿತ್ತು. ಬೀಡಿಯದೆಂದು ಅವಳು ಸುಮ್ಮನಿದ್ದಳು.

“ತಗದ್ರೇನು?” ಕೆಳಗಿನಿಂದಲೇ ಕೇಳಿದ.

“ಇಲ್ಲ. ಇನ್ನೂ ಐತಿ. ರೀ, ಈ ಮಷೀನಿನ ಜರಡಿ ಬಿಚ್ಚರಿ ಒಂದ್ಸಲ.”

“ಯಾಕ?”

“ಅದರ ಕೆಳಗ ನೋಡಬೇಕಾಗೇತಿ.”

ಅವನು ಹೊರಗೆ ಬಂದು ಎದ್ದು ಕೂತ. ಮುಖದಲ್ಲಿ ನಗೆ ಬಂದು ಹೋಯಿತು. “ಈಗ ನನ್ನ ಮಷೀನ ಮೂಸಾಕ ಬಂದಿಯೇನು?”

ಅವಳು ಕೆಳಗೆ ಬಿದ್ದಿದ್ದ ಪಾನೆಯನ್ನು ಎತ್ತಿ ಅವನ ಕೈಗೆ ಕೊಟ್ಟಳು. ಎರಡು ವರ್ಷದ ಹಿಂದೆ ಅವನು ಮಾಡಿದ ಬದಲಾವಣೆಯೇ ಅವನಿಗೆ ಹೆಸರು ತಂದಿತ್ತು. ಹಸಿ ತೆನೆಯನ್ನು ರಾಶಿ ಮಾಡಲು ಬೇರೆ ಮಷೀನುಗಳಿಗೆ ಆಗುತ್ತಿರಲಿಲ್ಲ, ಬಿಸಿಲಿಗೆ ಒಣಗಿಸಬೇಕಿತ್ತು. ಮೋಡದ ದಿನಗಳಲ್ಲಿ ಜನ ತಾಡಪತ್ರಿ ಹೊದಿಸಿಕೊಂಡು ತಿಂಗಳುಗಟ್ಟಲೆ ಕಾಯುತ್ತಿದ್ದರು. ಮೌನೇಶ ಉರುಳೆಯ ಹಲ್ಲುಗಳನ್ನು ಒತ್ತೊತ್ತಾಗಿ ಕೂಡಿಸಿದ. ಹಸಿ ತೆನೆಯೂ ಸರಾಗವಾಗಿ ಬಿಡಿಸಿಕೊಂಡಿತು. ಸುತ್ತಲಿನ ಊರುಗಳಿಗೆಲ್ಲ ಅವನ ನೀಲಿ ಮಷೀನು ಹೋಯಿತು.

ಅವನು ನಟ್ಟುಗಳನ್ನು ಬಿಚ್ಚಿ ಜರಡಿಯನ್ನು ಎತ್ತಿದ. ಕೆಳಗಿನ ತಗಡಿನ ಮೂಲೆಯಲ್ಲಿ, ಕೈ ಹೋಗದ ಸಂದಿಯಲ್ಲಿ, ಒಡೆದ ಹಸಿ ಕಾಳಿನ ಹಿಟ್ಟು ಕೇಕಿನ ಹಾಗೆ ಅಂಟಿ ಕೂತಿತ್ತು. ಬೇರಿಂಗಿನ ಕಾವಿಗೆ ಬೆಚ್ಚಗಿತ್ತು. ಅದರ ಮೇಲೆ ಹಸಿರು-ಹಳದಿ ಬಣ್ಣದ ಮೆತ್ತನೆ ಪದರ.

ಹೊಲಗಳು ಹಸಿರಾಗಿದ್ದದ್ದು ನಿಜ. ತೆನೆಗಳು ಶುದ್ಧವಾಗಿದ್ದದ್ದೂ ನಿಜ. ಎಲ್ಲೋ ಒಂದು ಕೆಟ್ಟ ಹೊಲದಿಂದ ಬಂದ ಬೂಷ್ಟು ಈ ಬೆಚ್ಚನೆಯ ಸಂದಿಯಲ್ಲಿ ಬೇರೂರಿ, ಮಷೀನಿನ ಜೊತೆ ಊರೂರು ತಿರುಗಿತ್ತು. ಹಲ್ಲಿಗೆ ಸಿಕ್ಕಿ ಸೀಳಿದ ಪ್ರತಿ ಹಸಿ ಕಾಳಿಗೂ ಹಚ್ಚಿಕೊಂಡು ಚೀಲಗಳೊಳಗೆ ಸೇರಿತ್ತು. ಕಂಬಗಳು ಹೊಲ ಬಿಟ್ಟು ಬರುವುದಿಲ್ಲ. ರಾಶಿಯಾದ ಮೇಲೆ ಯಾರೂ ಪರೀಕ್ಷೆ ಮಾಡುವುದಿಲ್ಲ, ಹಸಿರು ಹೊಲದ ಕಾಳೆಂದರೆ ಶುದ್ಧವೇ ಎಂಬ ಲೆಕ್ಕ.

ಮೌನೇಶ ಅದನ್ನು ಕೆರೆಯಲು ಬೆರಳು ಚಾಚಿದ.

“ಮುಟ್ಟಬ್ಯಾಡ್ರಿ. ಹೊರಗ ಬರ್ರಿ. ಇದನ್ನ ಹೆಂಗ ಸ್ವಚ್ಛ ಮಾಡತಿದ್ರಿ?”

“ಗಾಳಿ ಹೊಡೀತಿದ್ದೆ. ಪಂಪಿನಿಂದ.” ಅವನಿಗೆ ಆಗ ಅರ್ಥವಾಗತೊಡಗಿತ್ತು. “ಹಾರಿ ಹೋಗತಿತ್ತು ಎಲ್ಲಾ.”

ಇಬ್ಬರೂ ರಸ್ತೆಯ ಆಚೆಗೆ, ಬೇವಿನ ಮರದ ಕೆಳಗೆ ಹೋಗಿ ನಿಂತರು. ಗಾಳಿ ಅವರ ಕಡೆಯಿಂದ ಅಂಗಡಿಯ ಕಡೆಗೆ ಬೀಸುತ್ತಿತ್ತು. ಮಷೀನಿನ ವಾಸನೆ ಅಲ್ಲಿಗೆ ಬರುವಂತಿರಲಿಲ್ಲ. ಆದರೂ ಬಂತು. ಅವನು ಅಂಗಿ ಕಳಚಿ ದೂರ ಎಸೆದ. ಆದರೂ ಬಂತು.

“ಹತ್ರ ಬರ್ರಿ,” ಎಂದಳು ದಾಕ್ಷಾಯಣಿ. “ಬಾಯಿ ತೆರದು ಉಸರು ಬಿಡ್ರಿ.”

ಅವನು ಹೆಂಡತಿಯ ಮುಖದ ಹತ್ತಿರ ಬಗ್ಗಿ ಉಸಿರು ಬಿಟ್ಟ. ಎಷ್ಟೋ ವರ್ಷದ ನಂತರ ಇಬ್ಬರ ಮುಖಗಳು ಅಷ್ಟು ಹತ್ತಿರ ಬಂದಿದ್ದವು. ಅವಳು ಕಣ್ಣು ತೆರೆಯಲಿಲ್ಲ.

“ನನ್ನೊಳಗ ಐತೇನು?” ಎಂದು ಅವನೇ ಕೇಳಿದ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದರು. ಬಲಗಡೆಯ ಶ್ವಾಸಕೋಶದಲ್ಲಿ ಬೂಷ್ಟು ಗಂಟು ಕಟ್ಟಿತ್ತು. ಮೌನೇಶ ಮಂಚದ ಮೇಲಿಂದಲೇ ತಾನು ಮಷೀನು ಕೊಟ್ಟಿದ್ದ ಪ್ರತಿಯೊಬ್ಬರಿಗೂ ಫೋನು ಮಾಡಿದ. ಅವಳು ಮಾಡುತ್ತೇನೆಂದರೂ ಕೊಡಲಿಲ್ಲ. “ನಾ ಕಮ್ಮಾರ ಮೌನೇಶ. ಮಷೀನ ನಿಲ್ಲಸ್ರಿ. ಇಲ್ರಿ, ಕೆಟ್ಟಿಲ್ಲ. ಅದರೊಳಗ ವಿಷ ಕುಂತೈತಿ. ಹೌದ್ರಿ, ನಾನ ಕಟ್ಟಿದ್ದು. ನಿಲ್ಲಸ್ರಿ.” ಕೆಲವರು ಬೈದರು. ಬೈಗುಳ ಮುಗಿಯುವ ತನಕ ಕೇಳಿ, ಮತ್ತೆ ಅದೇ ಮಾತು ಹೇಳುತ್ತಿದ್ದ.

ಕೇಂದ್ರದವರು ಅಂಗನವಾಡಿಗಳಿಗೆ ಹೊರಟಿದ್ದ ಹಿಟ್ಟನ್ನು ದಾರಿಯಲ್ಲೇ ತಡೆದರು. ಪರೀಕ್ಷೆಯಲ್ಲಿ ವಿಷ ಸಿಕ್ಕಿತು. ಹಿಟ್ಟನ್ನು ಸುಟ್ಟರು. ಆ ವರ್ಷ ತಾಲ್ಲೂಕಿನಲ್ಲಿ ಒಂದು ಕೂಸಿಗೂ ಕಾಮಾಲೆಯಾಗಲಿಲ್ಲ. ಆಗದೇ ಇದ್ದದ್ದು ಯಾರ ಕಣ್ಣಿಗೂ ಕಾಣುವುದಿಲ್ಲವಲ್ಲ. ಕಂಡದ್ದು ನಿಂತ ಮಷೀನುಗಳು, ತಾಡಪತ್ರಿಯ ಕೆಳಗೆ ಕಾಯುತ್ತ ಬಿದ್ದ ರಾಶಿಗಳು, ಮುಂದೆ ಬಂದ ಮಳೆ.

ಹೊನ್ನವ್ವ ಒಮ್ಮೆ ಪೇಟೆಯಲ್ಲಿ ಎದುರಾದಳು. ಸಿಟ್ಟಿನಿಂದೇನೂ ಮಾತಾಡಲಿಲ್ಲ. “ನಿನ್ನ ಗಂಡನ್ನ ನೀನ ಹಿಡದ ಕೊಟ್ಟೀ ಅಂತ ಜನ ಅಂತಾರ,” ಎಂದಳು. ಅಷ್ಟು ಹೇಳಿ ತನ್ನ ಚೀಲ ಎತ್ತಿಕೊಂಡು ಹೋದಳು.

ಮೌನೇಶನ ಔಷಧಿ ತಿಂಗಳುಗಟ್ಟಲೆ ನಡೆಯಬೇಕಿತ್ತು. ಬೂಷ್ಟನ್ನು ಕೊಲ್ಲುವ ಮಾತ್ರೆ ಅವನ ಯಕೃತ್ತನ್ನೂ ಸುಡುತ್ತಿತ್ತು. ಕಡಿಮೆ ಕೊಟ್ಟರೆ ಗಂಟು ಬೆಳೆಯುತ್ತದೆ, ಹೆಚ್ಚು ಕೊಟ್ಟರೆ ಮನುಷ್ಯ ಉಳಿಯುವುದಿಲ್ಲ. ಎದೆಯ ಚಿತ್ರ ಹೇಳುವುದು ತಡವಾಗಿ. ಮೂಗುಬೊಟ್ಟು ಅಂದಂದೇ ಹೇಳುತ್ತಿತ್ತು. ಅವಳು ಹೇಳಿದ್ದನ್ನು ನೋಡಿಕೊಂಡು ಡಾಕ್ಟರು ಮಾತ್ರೆಯನ್ನು ಏರಿಸಿ ಇಳಿಸುತ್ತಿದ್ದರು.

ನಾಡಿಗೇರ ಮೇಡಂ ಮನೆಗೇ ಬಂದು ಹೇಳಿ ಹೋದರು. “ಈಗ ತಗದರ ನರ ಇನ್ನೂ ಚಿಗಿಬಹುದು. ಇವರದು ಮುಗಿಯೂ ತನಕ ಇಟಕೊಂಡರ ಚಿಗಿಯೂದಿಲ್ಲ. ಇದನ್ನ ನಾ ಮುಚ್ಚಿಟ್ಟು ಮಾತಾಡೂದಿಲ್ಲ.”

ಆಕೆ ಹೋದ ಮೇಲೆ ಮೌನೇಶ ಗೋಡೆಯ ಕಡೆ ಹೊರಳಿ ಮಲಗಿದ. “ತಗಸ್ಕೋ,” ಎಂದ. “ನನ್ನ ಸಲುವಾಗಿ ಬ್ಯಾಡ. ಇರೂ ಅಷ್ಟು ದಿನಾ ನಿನಗರ ಉಂಡದ್ದು ರುಚಿ ಹತ್ತಲಿ.”

“ಸುಮ್ಮನ ಮಲಗ್ರಿ.”

“ಮಾಡಿದ್ದು ನಾನು, ದಾಕ್ಷಿ.”

“ಯಾರ ಮಾಡಿದ್ರೇನು. ಉಸರು ಬಿಡಾಕ ಬರತೈತಿಲ್ಲೋ? ನಾಳಿ ಮುಂಜಾನಿ ಬಿಡ್ರಿ, ಸಾಕು.”

ಹೀಗೆ ಅದು ದಿನದ ಕೆಲಸವಾಯಿತು. ಬೆಳಿಗ್ಗೆ ಅವನು ಬಾಯಿ ಮುಕ್ಕಳಿಸಿ, ಮಂಚದ ಅಂಚಿಗೆ ಬಂದು ಕೂರುತ್ತಿದ್ದ. ಅವಳು ಎದುರಿಗೆ ಮೊಣಕಾಲೂರಿ ಮುಖ ಎತ್ತುತ್ತಿದ್ದಳು. ಅವನು ಉಸಿರು ಬಿಡುತ್ತಿದ್ದ.

“ಐತೇನು?”

“ಐತಿ.”

ಮೊದಮೊದಲು ಅಷ್ಟೇ ಮಾತು. ಆಮೇಲೆ ಅವನು ಅಲ್ಲೇ ಕೂತು ಕನಸು ಹೇಳತೊಡಗಿದ. ತನ್ನ ಅಪ್ಪ ಕುಲುಮೆಯ ಮುಂದೆ ಹಾಡುತ್ತಿದ್ದ ತತ್ವಪದ ಹೇಳಿದ. ಗ್ಯಾಸಿನ ಸಂಜೆಯ ಮಾತೂ ಒಂದು ದಿನ ಬಂತು. ಕಿಟಕಿ ತೆರೆಯುವಾಗ ತನ್ನ ಕೈ ನಡುಗುತ್ತಿತ್ತು, ಅದು ಅವಳಿಗೆ ಕಾಣಬಾರದೆಂದೇ ತಿರುಗಿ ನೋಡಲಿಲ್ಲ ಎಂದ. ಅವಳು ಸಿಟ್ಟೆಂದು ತಿಳಿದಿದ್ದಳು. ಅಷ್ಟು ವರ್ಷ ಹಾಗೆಯೇ ತಿಳಿದಿದ್ದಳು.

ಬೇಸಿಗೆ ಬರುವ ಹೊತ್ತಿಗೆ ವಾಸನೆ ತೆಳುವಾಗತೊಡಗಿತು. ಕೆಲವು ದಿನ ಉಸಿರಿನ ಕೊನೆಯಲ್ಲಿ ಮಾತ್ರ ಎಳೆಯಾಗಿ ಬರುತ್ತಿತ್ತು. ಅವಳು ಹಿಗ್ಗಬೇಕಿತ್ತು, ಹಿಗ್ಗಿದಳು ಕೂಡ. ಆದರೆ ಅಂಥ ದಿನ ಅವಳು ಇನ್ನೊಮ್ಮೆ ಉಸಿರು ಬಿಡಿಸುತ್ತಿದ್ದಳು. ಸರಿಯಾಗಿ ತಿಳಿಯಲೆಂದು ಅವನಿಗೆ ಹೇಳುತ್ತಿದ್ದಳು. ಅದಷ್ಟೇ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಗಂಡನಿಂದ ಅವಳ ಮೂಗಿಗೆ ತಲುಪುತ್ತಿದ್ದುದು ಅದೊಂದೇ. ಅವನನ್ನು ಕೊಲ್ಲಲು ಬಂದ ಬೂಷ್ಟಿನ ವಾಸನೆಗೆ ತಾನು ಬೆಳಿಗ್ಗೆ ಎದ್ದು ಕಾಯುತ್ತಿದ್ದೇನೆ ಎಂಬುದನ್ನು ಅವಳು ಯಾರ ಮುಂದೆ ಹೇಳಿಕೊಳ್ಳಬೇಕು? ಹೇಳಿದರೂ ಯಾರಿಗೆ ಅರ್ಥವಾದೀತು? ಈ ನಡುವೆ ಕೇಂದ್ರದವರು ಅವಳ ನರವನ್ನೂ ಪರೀಕ್ಷೆ ಮಾಡಿದ್ದರು. ಅದು ಇನ್ನು ಚಿಗುರುವುದಿಲ್ಲ ಎಂದು ಮೇಡಂ ಫೋನಿನಲ್ಲಿ ಹೇಳಿದರು.

ಮುಂಗಾರಿನ ಬಿತ್ತನೆ ಶುರುವಾದ ವಾರ, ಒಂದು ಬೆಳಿಗ್ಗೆ, ಮೌನೇಶ ಎಂದಿನಂತೆ ಅಂಚಿಗೆ ಬಂದು ಕೂತ. ಮೈ ತುಂಬಿಕೊಂಡಿತ್ತು. ಗಡ್ಡ ತೆಗೆದಿದ್ದ. ಬಗ್ಗಿ ಉಸಿರು ಬಿಟ್ಟ.

ದಾಕ್ಷಾಯಣಿ ಕಾದಳು.

“ಇನ್ನೊಮ್ಮೆ,” ಎಂದಳು.

ಅವನು ಎದೆ ತುಂಬ ಎಳೆದುಕೊಂಡು ನಿಧಾನವಾಗಿ ಬಿಟ್ಟ. ಬಿಸಿ ಗಾಳಿ ಅವಳ ಕೆನ್ನೆಗೆ, ರೆಪ್ಪೆಗೆ ಸೋಕಿತು.

“ಮತ್ತೊಮ್ಮೆ ಬಿಡ್ರಿ.”

ಮೂರನೆಯ ಸಲವೂ ಅವಳ ಮೂಗಿನಲ್ಲಿ ಏನೂ ಆಗಲಿಲ್ಲ. ಗಾಜಿನ ಕೋಣೆಯ ಗಾಳಿಯ ಹಾಗಿತ್ತು ಅವನ ಉಸಿರು.

“ಐತೇನು?” ಎಂದು ಅವನು ಕೇಳಿದ.

“ಇಲ್ಲ,” ಎಂದಳು. “ಏನೂ ಇಲ್ಲ.”

ಅವನು ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತ. ಆಮೇಲೆ ಎದ್ದು ಮುಖ ತೊಳೆದ, ಇಸ್ತ್ರಿ ಮಾಡಿದ ಅಂಗಿ ಹುಡುಕಿ ಹಾಕಿಕೊಂಡ. ಅಂಗಡಿಯ ಬಾಗಿಲು ತುಕ್ಕು ಹಿಡಿದಿರಬೇಕು, ಒಂದ್ಸಲ ಎತ್ತಿ ನೋಡಿಕೊಂಡು ಬರುತ್ತೇನೆ ಎಂದ. ಇನ್ನು ಮೇಲೆ ಉರುಳೆಯ ಹಲ್ಲು ಎಷ್ಟು ದೂರ ದೂರ ಕೂಡಿಸಬೇಕೆಂದು ಮೆಟ್ಟಿಲಿಳಿಯುತ್ತ ತನ್ನಷ್ಟಕ್ಕೇ ಮಾತಾಡಿಕೊಳ್ಳುತ್ತಿದ್ದ. ಕೆಮ್ಮಿಲ್ಲದ ದನಿ ಓಣಿಯ ತಿರುವಿನ ತನಕ ಕೇಳಿ ನಿಂತಿತು.

ದಾಕ್ಷಾಯಣಿ ನೆಲದ ಮೇಲೆ ಇನ್ನೂ ಮೊಣಕಾಲೂರಿಯೇ ಇದ್ದಳು. ಅವನು ಕೂತೆದ್ದ ಜಾಗದಲ್ಲಿ ಹಾಸಿಗೆ ಸ್ವಲ್ಪ ಕುಸಿದಿತ್ತು. ಅಲ್ಲಿ ಅಂಗೈ ಇಟ್ಟಳು. ಬೆಚ್ಚಗಿತ್ತು. ಅದು ಆರುವ ತನಕ ಅವಳು ಕೈ ತೆಗೆಯಲಿಲ್ಲ.